ಒಂದೂವರೆ ಲಕ್ಷ ಲೀಟರ್ ನೀರು, ಮೂರು ತೊಲೆ: ಭಾತಂಬ್ರಾದ ನೆಲಮಾಳಿಗೆಯೊಂದರ ಲೆಕ್ಕ

ಹಳೆಯ ಮನೆಯ ನೆಲಮಾಳಿಗೆಯಲ್ಲಿ ತೊಲೆ ಕೊಳೆತದ್ದು ಕಂಡರೆ ನಾವು ಮೊದಲು ಬಡಿಗೇರನಿಗೆ ಹೇಳಿ ಕಳಿಸುತ್ತೇವೆ. ಆದರೆ ಅವನಿಗಿಂತ ಮೊದಲು ಬರಬೇಕಾದವನು ಪೈಪು ಜೋಡಿಸುವವನು. ಇದನ್ನು ತೋರಿಸಲು ಎರಡು ಅಂಕಿ ಸಾಕು. ಮಾಳಿಗೆಯ ಮಳೆನೀರು, ಬಚ್ಚಲ ನೀರು ಎರಡೂ ಗೋಡೆಯ ಬುಡಕ್ಕೇ ಬೀಳುವ ಮನೆಯಲ್ಲಿ ವರ್ಷಕ್ಕೆ ಸುಮಾರು 1,50,000 ಲೀಟರ್ ನೀರು ಆ ಬುಡ ಸೇರುತ್ತದೆ. ನೆಲಮಾಳಿಗೆಯ ಕಿಂಡಿಗಳು ಸರಿಯಾಗಿ ತೆರೆದಿದ್ದರೂ ಇಡೀ ಚಳಿಗಾಲದಲ್ಲಿ ಗಾಳಿ ಹೊತ್ತೊಯ್ಯಬಲ್ಲ ತೇವ ಹೆಚ್ಚೆಂದರೆ 1,250 ಲೀಟರ್. ಹೊರಗೆ ಬಿದ್ದ ನೀರಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಗೋಡೆಯೊಳಗೆ ಇಳಿಯಿತು ಅನ್ನಿ, ಅದೇ 1,500 ಲೀಟರ್ ಆಯಿತು. ಗಾಳಿ ಸೋತಿತು. ಆ ಗೋಡೆಯ ಮೇಲೆ ಬಳಿಯುವ ಬಣ್ಣವೂ ಸೋಲುತ್ತದೆ, ಹಾಕಿಸುವ ಹೊಸ ತೊಲೆಯೂ ಸೋಲುತ್ತದೆ.

ಈ ಬರಹದಲ್ಲಿರುವುದು ಆ ಲೆಕ್ಕ. ಬೀದರ್ ಜಿಲ್ಲೆಯ ಭಾತಂಬ್ರಾದಂಥ ಕೋಟೆ ಊರಲ್ಲಿ, ಭಾಲ್ಕಿ, ಔರಾದಗಳ ಹಳೆಯ ವಾಡೆಗಳಲ್ಲಿ, ಬೀದರ್ ನಗರದ ಹಳೇ ಓಣಿಗಳಲ್ಲಿ ನೆಲಮಾಳಿಗೆ ಇನ್ನೂ ಇದೆ. ಗಡಿಯ ಮಾತಿನಲ್ಲಿ ಅದು ತಳಘರ. ಒಂದು ಕಾಲದಲ್ಲಿ ಜೋಳದ ಚೀಲ, ಬೆಲ್ಲ, ಹಿತ್ತಾಳೆ ಪಾತ್ರೆ, ಬೇಸಿಗೆಯ ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಅದೇ ಜಾಗ. ಈಗ ಬಾಗಿಲು ತೆರೆದರೆ ಮುಗ್ಗುಲು ವಾಸನೆ. "ಹಳೇ ಮನಿ, ಥಂಡಿ ಇರೋದ ಸೈ" ಎಂದು ಬಾಗಿಲು ಮುಚ್ಚಿಬಿಡುತ್ತೇವೆ. ಮುಚ್ಚಿದ ಬಾಗಿಲ ಹಿಂದೆ ಕೊಳೆಯುತ್ತಿರುವುದು ನಾವು ದಿನಾ ಓಡಾಡುವ ಪಡಸಾಲೆಯ ಅಡಿಯ ತೊಲೆ.

ಲೆಕ್ಕಕ್ಕೆ ಹಿಡಿದ ಮನೆ

ಲೆಕ್ಕ ಸುಲಭವಾಗಲಿ ಎಂದು ಒಂದು ಮಾದರಿ ಮನೆ ಇಟ್ಟುಕೊಳ್ಳೋಣ. ನಿಮ್ಮ ಮನೆಯ ಅಳತೆ ಬೇರೆ ಇದ್ದರೆ ಅದೇ ದಾರಿಯಲ್ಲಿ ಗುಣಿಸಿಕೊಳ್ಳಿ.

ಮೇಲಿನ ಮಣ್ಣಿನ ಮಾಳಿಗೆ: 30 ಅಡಿ × 40 ಅಡಿ, ಅಂದರೆ 1,200 ಚದರ ಅಡಿ (ಸುಮಾರು 111.5 ಚದರ ಮೀಟರ್).
ನೆಲಮಾಳಿಗೆ: 12 ಅಡಿ × 15 ಅಡಿ, ಎತ್ತರ 7 ಅಡಿ. ಒಳಗಿನ ಗಾಳಿ ಸುಮಾರು 36 ಘನ ಮೀಟರ್.
ಗೋಡೆ: ಎರಡೂವರೆ ಅಡಿ ದಪ್ಪದ ಕೆಂಪುಕಲ್ಲು, ಮಣ್ಣಿನ ಗಾರೆ. ಒಳಮೈ 378 ಚದರ ಅಡಿ.
ತೊಲೆ: ಸಾಗವಾನಿ, ಮೂರು. ಅಗಲ 8 ಇಂಚು, ಎತ್ತರ 10 ಇಂಚು, ಉದ್ದ 14 ಅಡಿ. ಅದರಲ್ಲಿ ಕಣ್ಣಿಗೆ ಕಾಣುವುದು 12 ಅಡಿ, ಎರಡು ಕಡೆ ಗೋಡೆಯೊಳಗೆ ಕೂತಿರುವುದು ಒಂದೊಂದು ಅಡಿ.
ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ 9 ಇಂಚು ಮಣ್ಣು, ಅದರ ಮೇಲೆ ಫರಸಿ.
ಮನೆಯಲ್ಲಿ ಐದು ಜನ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಮಾಳಿಗೆಯ ಲೆಕ್ಕ ಯಾರಾದರೂ ಮಾಡಬಹುದು. ಬೀದರ್ ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು 850 ಮಿಲಿಮೀಟರ್, ಅದರ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಮಾದರಿ ಮಾಳಿಗೆಯ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 95,000 ಲೀಟರ್. ಮಣ್ಣು ಕುಡಿದದ್ದು, ಬಿಸಿಲಿಗೆ ಆರಿದ್ದು ಎಂದು ಕಾಲು ಪಾಲು ಕಳೆಯಿರಿ. ಉಳಿದ 71,000 ಲೀಟರ್ ಹರನಾಳಿಗೆಯಿಂದ ಕೆಳಗೆ ಸುರಿಯುತ್ತದೆ. 50 ಮಿಲಿಮೀಟರ್‌ನ ಒಂದೇ ಒಂದು ದೊಡ್ಡ ಮಳೆಗೆ ಮಾಳಿಗೆಯ ಮೇಲೆ 5,600 ಲೀಟರ್ ಬೀಳುತ್ತದೆ, ಅಂದರೆ 5,000 ಲೀಟರಿನ ಟ್ಯಾಂಕರ್ ಒಂದನ್ನು ತಂದು ಗೋಡೆಯ ಬುಡಕ್ಕೆ ಖಾಲಿ ಮಾಡಿದ ಹಾಗೆ.

ಹಳೆಯ ಹರನಾಳಿಗೆ ಗೋಡೆಯಿಂದ ಒಂದೂವರೆ ಎರಡಡಿ ಮುಂದೆ ಚಾಚಿರುತ್ತಿತ್ತು. ಅದು ಮುರಿದು ಗೇಣುದ್ದ ಉಳಿದಿದ್ದರೆ ನೀರು ಗೋಡೆಯನ್ನೇ ಹಿಡಿದು ಇಳಿಯುತ್ತದೆ. ಗೋಡೆಯ ಮೇಲೆ ಹಸಿರು ಪಟ್ಟಿ ಎಲ್ಲಿದೆಯೋ ಅದರ ನೇರ ಕೆಳಗೆ, ನೆಲಮಾಳಿಗೆಯಲ್ಲಿ, ಯಾವ ತೊಲೆಯ ತುದಿ ಕೂತಿದೆ ಎಂದು ನೋಡಿ. ಬಹಳ ಸಲ ಕೊಳೆತ ತುದಿ ಅದೇ ಆಗಿರುತ್ತದೆ.

ಎರಡನೆಯದು ಬಚ್ಚಲು. ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಅದರ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನಕ್ಕೆ 275 ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ 80 ಪಾಲು ಹೊರಗೆ ಹರಿಯುತ್ತದೆ ಎಂದು ಎಂಜಿನಿಯರರು ಹಿಡಿಯುತ್ತಾರೆ. ದಿನಕ್ಕೆ 220 ಲೀಟರ್, ವರ್ಷಕ್ಕೆ 80,300 ಲೀಟರ್. ಮಾಳಿಗೆಯಿಂದ ಸುರಿಯುವ ಮಳೆನೀರಿಗಿಂತ ಇದೇ ಹೆಚ್ಚು! ಮಳೆಗೆ ನಾಲ್ಕು ತಿಂಗಳು, ಬಚ್ಚಲಿಗೆ ಹನ್ನೆರಡು ತಿಂಗಳು. ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ ಬಚ್ಚಲ ತೂಬು ಅದು. ನಳದ ನೀರಿಗೆ ಅದನ್ನು ಯಾರೂ ತಿದ್ದಲಿಲ್ಲ. ನಳ ಬಂದದ್ದು ದೊಡ್ಡ ಉಪಕಾರ. ಬಚ್ಚಲ ನೀರಿಗೊಂದು ದಾರಿ ಮಾಡುವ ಕೆಲಸ ನಮ್ಮ ಪಾಲಿಗೆ ಬಾಕಿ ಉಳಿದಿದೆ.

71,000ಕ್ಕೆ 80,300 ಸೇರಿಸಿದರೆ 1,51,300 ಲೀಟರ್. ಮೊದಲು ಹೇಳಿದ ಒಂದೂವರೆ ಲಕ್ಷ ಇದೇ.

ಇಷ್ಟು ನೀರು ನೆಲಕ್ಕೆ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಮಣ್ಣು ನಿರ್ಧರಿಸುತ್ತದೆ. ಬೀದರ್ ನಗರ ಕೂತಿರುವುದು ಕೆಂಪುಕಲ್ಲಿನ ದಿಬ್ಬದ ಮೇಲೆ. ಆ ಕಲ್ಲಿನಲ್ಲಿ ನೀರು ಹೇಗೆ ಇಳಿಯುತ್ತದೆ, ಎಷ್ಟು ದೂರ ನಡೆಯುತ್ತದೆ ಎಂದು ತಿಳಿಯಲು ನೌಬಾದಿನ ಕರೇಜ್ ನೋಡಿದರೆ ಸಾಕು. ಬಹಮನಿಗಳ ಕಾಲದಲ್ಲಿ ಕೆಂಪುಕಲ್ಲನ್ನು ಕೊರೆದು, ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ, 21 ಗಾಳಿಬಾವಿಗಳನ್ನು ಇಟ್ಟು ಮಾಡಿದ ಸುರಂಗ ಅದು. ಕಲ್ಲು ಜಿನುಗಿಸುವ ನೀರನ್ನೇ ಕುಡಿಯಲು ತಂದ ಜಾಣತನ. ಅದೇ ಗುಣ ನೆಲಮಾಳಿಗೆಗೆ ಶತ್ರು. ಭಾಲ್ಕಿ, ಔರಾದ ಕಡೆಯ ಎರೆಮಣ್ಣಿನ ಸ್ವಭಾವ ಬೇರೆ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಿರಗದ (ಮೃಗಶಿರ) ಮೊದಲ ಮಳೆ ಆ ಬಿರುಕಿನ ಮೂಲಕ ನೇರ ಪಾಯಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ಇಳಿದ ನೀರು ಒಳಗೇ ಉಳಿಯುತ್ತದೆ. ಕೆಂಪುಕಲ್ಲಿನಲ್ಲಿ ನೀರು ಬಂದು ಹೋಗುತ್ತದೆ, ಎರೆಯಲ್ಲಿ ಬಂದದ್ದು ಕೂತುಬಿಡುತ್ತದೆ.

ಮೂರನೆಯದು ರಸ್ತೆ. ಸಿಮೆಂಟ್ ರಸ್ತೆ ಒಂದರ ಮೇಲೊಂದು ಬಿದ್ದು ಓಣಿ ಏರಿದೆ, ಮನೆಯ ಕಟ್ಟೆ ಅಲ್ಲೇ ಇದೆ. ಹೊರಗೆ ಹೋಗಬೇಕಾದ ನೀರು ಒಳಗೆ ತಿರುಗುತ್ತದೆ. ಒಂದು ಮಳೆಯ ದಿನ ಬಾಗಿಲಲ್ಲಿ ನಿಂತು ಹತ್ತು ನಿಮಿಷ ನೋಡಿದರೆ ನೀರು ಯಾವ ಕಡೆ ಓಡುತ್ತದೆ ಎಂದು ತಿಳಿಯುತ್ತದೆ. ಇದಕ್ಕೆ ದುಡ್ಡು ಬೇಡ.

ಗಾಳಿಯ ಲೆಕ್ಕ

ಕಿಂಡಿ ತೆರೆದಿಟ್ಟರೆ ಒಣಗುತ್ತದೆ ಎಂಬ ಮಾತು ಅರ್ಧ ನಿಜ. ಯಾವ ತಿಂಗಳಲ್ಲಿ ಎಂಬುದು ಉಳಿದ ಅರ್ಧ. ನೆಲಮಾಳಿಗೆ 24 ಡಿಗ್ರಿಯಲ್ಲಿದ್ದು, ಒಳಗಿನ ತೇವಾಂಶ 95 ಪ್ರತಿಶತ ಇದೆ ಎನ್ನೋಣ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 20.7 ಗ್ರಾಂ ನೀರಾವಿ ಇರುತ್ತದೆ.

ಜುಲೈ: ಹೊರಗೆ 25 ಡಿಗ್ರಿ, ತೇವಾಂಶ 80 ಪ್ರತಿಶತ ಇದ್ದರೆ ಹೊರಗಿನ ಗಾಳಿಯಲ್ಲೇ 18.4 ಗ್ರಾಂ ಇದೆ. ಒಂದು ಘನ ಮೀಟರ್ ಹೊರಗೆ ಒಯ್ಯುವುದು 2.3 ಗ್ರಾಂ. ಇಡೀ ನೆಲಮಾಳಿಗೆಯ ಗಾಳಿ ಒಮ್ಮೆ ಬದಲಾದರೆ 83 ಗ್ರಾಂ.
ಡಿಸೆಂಬರ್: ಹೊರಗೆ 20 ಡಿಗ್ರಿ, ತೇವಾಂಶ 50 ಪ್ರತಿಶತ ಇದ್ದರೆ ಹೊರಗಿನ ಗಾಳಿಯಲ್ಲಿರುವುದು 8.7 ಗ್ರಾಂ ಮಾತ್ರ. ಒಂದು ಘನ ಮೀಟರ್ ಒಯ್ಯುವುದು 12 ಗ್ರಾಂ. ಒಮ್ಮೆ ಬದಲಾದರೆ 432 ಗ್ರಾಂ.

ಒಂದೇ ಕಿಂಡಿ, ಒಂದೇ ಗಾಳಿ, ಐದು ಪಟ್ಟು ವ್ಯತ್ಯಾಸ. ಮಳೆಗಾಲದಲ್ಲಿ ಫ್ಯಾನ್ ಓಡಿಸಿ ಕರೆಂಟ್ ಕಳೆಯುವುದಕ್ಕಿಂತ ನವೆಂಬರ್‌ನಿಂದ ಫೆಬ್ರವರಿ ತನಕ ಕಿಂಡಿ ತೆರೆದಿಡುವುದು ಮೇಲು. ಎದುರುಬದುರು ಗೋಡೆಗಳಲ್ಲಿ 9 ಇಂಚು × 9 ಇಂಚಿನ ಒಂದೊಂದು ಕಿಂಡಿ ಸಾಕು. ಸೆಕೆಂಡಿಗೆ 20 ಸೆಂಟಿಮೀಟರ್ ವೇಗದ ಗಾಳಿ, ಅಂದರೆ ಊದುಬತ್ತಿಯ ಹೊಗೆ ಸ್ವಲ್ಪ ವಾಲುವಷ್ಟು, ಈ ಕಿಂಡಿಯ ಮೂಲಕ ಗಂಟೆಗೆ ಸುಮಾರು 38 ಘನ ಮೀಟರ್ ಗಾಳಿ ಸಾಗಿಸುತ್ತದೆ. ನಮ್ಮ ನೆಲಮಾಳಿಗೆಯ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾದ ಲೆಕ್ಕ. ದಿನಕ್ಕೆ 24 ಸಲ ಬದಲಾದರೆ 10 ಲೀಟರಿಗೂ ಸ್ವಲ್ಪ ಹೆಚ್ಚು; 120 ದಿನಕ್ಕೆ 1,244 ಲೀಟರ್. ಗೋಡೆ ಒಣಗುತ್ತ ಬಂದ ಹಾಗೆ ಇದು ಕಡಿಮೆಯಾಗುತ್ತದೆ, ಆದ್ದರಿಂದ ಇದು ಮೇಲ್ಮಿತಿ. ಕಟ್ಟಿದವರು ಈ ಕಿಂಡಿಗಳನ್ನು ಇಟ್ಟೇ ಇದ್ದರು. ಇಲಿ ಬರುತ್ತದೆ, ಧೂಳು ಬರುತ್ತದೆ ಎಂದು ಇಟ್ಟಿಗೆ ಇಟ್ಟು ಮುಚ್ಚಿದವರು ಆಮೇಲಿನವರು. ಇಲಿಗೆ ಜಾಳಿಗೆ ಹಾಕಿದರಾಯಿತು.

ಗೋಡೆ ಒಣಗುವ ಲೆಕ್ಕ

ಕಟ್ಟಡಕ್ಕೆ ಬಳಸುವ ಕೆಂಪುಕಲ್ಲು ತನ್ನ ತೂಕದ 12 ಪ್ರತಿಶತಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂದು ಭಾರತೀಯ ಮಾನಕ ಐಎಸ್ 3620 ಹೇಳುತ್ತದೆ. ನಾವು ಕಡಿಮೆಯೇ ಹಿಡಿಯೋಣ. ಗೋಡೆಯ ಕೆಳಗಿನ ನಾಲ್ಕು ಅಡಿ ಮಾತ್ರ ಹಸಿಯಾಗಿದೆ, ತೂಕದ 5 ಪ್ರತಿಶತ ನೀರಿದೆ. 54 ಅಡಿ ಸುತ್ತಳತೆ, 4 ಅಡಿ ಎತ್ತರ, ಎರಡೂವರೆ ಅಡಿ ದಪ್ಪ: 540 ಘನ ಅಡಿ, ಸುಮಾರು 30 ಟನ್ ಕಲ್ಲು. ಅದರೊಳಗೆ ಸುಮಾರು 1,500 ಲೀಟರ್ ನೀರು. ಹೊಸ ನೀರು ಪೂರ್ತಿ ನಿಂತರೂ ಇಷ್ಟು ಹೊರಬರಲು ಎರಡು ಮೂರು ಚಳಿಗಾಲ ಬೇಕು. ಕಲ್ಲುಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಕಟ್ಟಡದವರ ಸ್ಥೂಲ ಲೆಕ್ಕ. 30 ಇಂಚಿನ ಗೋಡೆಗೆ 30 ತಿಂಗಳು. ಎರಡೂ ಲೆಕ್ಕ ಹತ್ತಿರ ಹತ್ತಿರ ಬರುತ್ತವೆ.

ಈ ತಾಳ್ಮೆ ಇಲ್ಲದಾಗಲೇ ತಪ್ಪು ನಡೆಯುವುದು. ಹಸಿ ಗೋಡೆಗೆ ಸಿಮೆಂಟ್ ಗಿಲಾವು ಹಾಕಿ, ಮೇಲೆ ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಆರು ತಿಂಗಳು ಚೆಂದ ಕಾಣುತ್ತದೆ. ಒಳಗಿನ 1,500 ಲೀಟರ್ ಎಲ್ಲಿಗೂ ಹೋಗಿಲ್ಲ. ಹೊರಬರುವ ದಾರಿ ಮುಚ್ಚಿದ್ದರಿಂದ ಅದು ಮೇಲೆ ಏರುತ್ತದೆ. ನಾಲ್ಕು ಅಡಿಯಲ್ಲಿದ್ದ ತೇವದ ಗೆರೆ ಐದಕ್ಕೆ, ಆರಕ್ಕೆ ಬರುತ್ತದೆ. ಏಳನೆಯ ಅಡಿಯಲ್ಲಿ ತೊಲೆಯ ತುದಿ ಕಾಯುತ್ತಿದೆ. ಗೋಡೆ ಒಣಗಿಸಲು ಖರ್ಚು ಮಾಡಿದ ಹಣ ನೀರನ್ನು ಎತ್ತಿ ಮರಕ್ಕೆ ಮುಟ್ಟಿಸಿದ ಹಾಗಾಯಿತು. ಸುಣ್ಣದ ಗಿಲಾವು ಉಸಿರಾಡುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಉಪ್ಪೆದ್ದು ಉದುರಿದರೆ ಅದನ್ನೇ ಕೆರೆದು ಮತ್ತೆ ಹಚ್ಚಬಹುದು, ಕಲ್ಲು ಉಳಿಯುತ್ತದೆ.

ತೇವ ಗೋಡೆಯಿಂದ ಬರುತ್ತಿದೆಯೋ ಗಾಳಿಯಿಂದಲೋ ಎಂಬ ಅನುಮಾನಕ್ಕೆ ಹತ್ತು ರೂಪಾಯಿಯ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕೂತಿದ್ದರೆ ನೀರು ಗೋಡೆಯದು. ಮುಂದೆ ಕೂತಿದ್ದರೆ ಗಾಳಿಯದು.

ಮರದ ಲೆಕ್ಕ

ಮರ ವಯಸ್ಸಿನಿಂದ ಕೊಳೆಯುವುದಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರಗಂಬಗಳು ಅಲಿ ಬರೀದನ (1542–1580) ಕಾಲದವು. ನಾಲ್ಕು ಶತಮಾನ ದಾಟಿ ನಿಂತಿವೆ. ಮರ ಕೊಳೆಯಲು ಶಿಲೀಂಧ್ರ ಬೇಕು, ಶಿಲೀಂಧ್ರಕ್ಕೆ ನೀರು ಬೇಕು. ಮರದ ತೇವಾಂಶ 20 ಪ್ರತಿಶತದ ಕೆಳಗಿದ್ದರೆ ಅದು ಬೆಳೆಯಲಾರದು. 25, 30 ದಾಟಿದರೆ ಹಬ್ಬ.

ಇನ್ನೊಂದು ಅಂಕಿ ನೋಡಿ. ಗಾಳಿಯ ತೇವಾಂಶ 80 ಪ್ರತಿಶತ ಇದ್ದರೆ ಮರ ಹೀರುವುದು ಸುಮಾರು 16 ಪ್ರತಿಶತ. 90 ಇದ್ದರೆ ಸುಮಾರು 20. ಅಂದರೆ ಬರೀ ಗಾಳಿಯ ಥಂಡಿಗೆ ಸಾಗವಾನಿ ತೊಲೆ ಸುಲಭಕ್ಕೆ ಕೊಳೆಯುವುದಿಲ್ಲ. ಹಸಿ ಕಲ್ಲನ್ನು ಮುಟ್ಟಿ ಕೂತ ತುದಿ ಕೊಳೆಯುತ್ತದೆ. 14 ಅಡಿ ತೊಲೆಯಲ್ಲಿ ಗೋಡೆಯೊಳಗಿರುವುದು 2 ಅಡಿ, ಏಳರಲ್ಲಿ ಒಂದು ಪಾಲು. ಉಳಿದ ಆರು ಪಾಲು ಮರ ಬಹುಪಾಲು ಮನೆಗಳಲ್ಲಿ ಕಬ್ಬಿಣದ ಹಾಗೆ ಗಟ್ಟಿ ಇರುತ್ತದೆ. ಒಂದು ಪಾಲು ಹಾಳಾಗಿದೆ ಎಂದು ಏಳು ಪಾಲಿಗೂ ದುಡ್ಡು ಕೊಡುವುದು ಯಾವ ಲೆಕ್ಕ?

ಪರೀಕ್ಷೆಗೆ ಚೀಲ ಹೊಲಿಯುವ ದಬ್ಬಣ ಸಾಕು. ತೊಲೆಯ ನಡುವೆ ಒತ್ತಿ ನೋಡಿ: ಮೊನೆ ಅಕ್ಕಿಕಾಳಿನಷ್ಟು ಇಳಿದು ನಿಲ್ಲುತ್ತದೆ, ಕೈಗೆ ಕಲ್ಲು ತಾಗಿದ ಹಾಗೆ ಆಗುತ್ತದೆ. ಈಗ ಗೋಡೆಯ ಕಡೆಗೆ ಗೇಣು ಗೇಣು ಸರಿಯುತ್ತ ಬನ್ನಿ. ಗೋಡೆಗೆ ನಾಲ್ಕು ಬೆರಳು ಇದ್ದಾಗ ಸದ್ದು ಬದಲಾಗುತ್ತದೆ. ದಬ್ಬಣ ಕೆಳಮೈಯಲ್ಲಿ ಬೆಲ್ಲದಚ್ಚಿಗೆ ಇಳಿದ ಹಾಗೆ ಇಳಿಯುತ್ತದೆ. ಹೊರಗೆಳೆದರೆ ಮೊನೆಗೆ ಕಂದು ಪುಡಿ, ಮೂಗಿಗೆ ಅಣಬೆಯ ವಾಸನೆ. ಮೇಲ್ಮೈಯ ಬಣ್ಣ ಮಾತ್ರ ಹಾಗೇ ಇರುತ್ತದೆ. ಕಣ್ಣು ಮೋಸ ಹೋಗುವುದು ಇಲ್ಲೇ. ದಬ್ಬಣ ಎಷ್ಟು ಇಂಚು ಇಳಿಯಿತು ಎಂದು ಸೀಮೆಸುಣ್ಣದಲ್ಲಿ ತೊಲೆಯ ಮೇಲೇ ಬರೆಯಿರಿ. ಮಣ್ಣಿನ ಸಾಲು ಕಂಡರೆ ಗೆದ್ದಲು ಕೂಡ ಸೇರಿದೆ ಎಂದರ್ಥ. ಅದಕ್ಕೆ ಔಷಧ ಬೇರೆ, ಪರವಾನಗಿ ಇದ್ದವರಿಂದಲೇ ಹೊಡೆಸಬೇಕು.

ತೇವಾಂಶ ಅಳೆಯಲು ಮೀಟರ್ ಇದೆ. ಇಲ್ಲದಿದ್ದರೆ ಅಕ್ಕಸಾಲಿಗರ ತಕ್ಕಡಿ ಸಾಕು. ತುದಿಯಿಂದ ಒಂದು ಚಕ್ಕೆ ತೆಗೆದು ತೂಗಿ, 50 ಗ್ರಾಂ ಎನ್ನಿ. ಸುಡದ ಹಾಗೆ ಸಣ್ಣ ಶಾಖದಲ್ಲಿ ಒಣಗಿಸಿ ಮತ್ತೆ ಮತ್ತೆ ತೂಗಿ. ತೂಕ ಇಳಿಯುವುದು ನಿಂತಾಗ 39 ಗ್ರಾಂ ಇದ್ದರೆ ಹೋದ ನೀರು 11 ಗ್ರಾಂ. 11ನ್ನು ಒಣ ತೂಕ 39ರಿಂದ ಭಾಗಿಸಿ: 28 ಪ್ರತಿಶತ. ಆ ಮರದಲ್ಲಿ ಕೊಳೆ ಇನ್ನೂ ಕೆಲಸ ಮಾಡುತ್ತಿದೆ. 18ರ ಕೆಳಗೆ ಬಂದರೆ ಹಳೆಯ ಗಾಯ ಮಾತ್ರ, ರೋಗ ನಿಂತಿದೆ.

ಒಂದು ಇಂಚಿನ ಬೆಲೆ ಎಷ್ಟು? ತೊಲೆಯ ಸುತ್ತ ನಾಲ್ಕೂ ಕಡೆ ಒಂದೊಂದು ಇಂಚು ಲಡ್ಡಾದರೆ 8 × 10 ಇಂಚಿನ ಮರ 6 × 8 ಆಗಿ ಉಳಿಯುತ್ತದೆ. ಅಡ್ಡಳತೆ 80 ಚದರ ಇಂಚಿನಿಂದ 48ಕ್ಕೆ ಇಳಿಯಿತು, 60 ಪ್ರತಿಶತ. ಬಾಗುವ ಭಾರಕ್ಕೆ ತಡೆಯುವ ಶಕ್ತಿ ಅಗಲದ ಜೊತೆ ಎತ್ತರದ ವರ್ಗಕ್ಕೆ ಹೊಂದಿಕೊಂಡಿರುವುದರಿಂದ ಅದು 48 ಪ್ರತಿಶತಕ್ಕೆ ಇಳಿಯಿತು. ಒಂದು ಇಂಚು ಅರ್ಧ ಬಲ ನುಂಗಿತು.

ಮೇಲಿನ ಭಾರವನ್ನೂ ನೋಡಿ. 180 ಚದರ ಅಡಿ ನೆಲ, 9 ಇಂಚು ಮಣ್ಣು: 135 ಘನ ಅಡಿ, ಸುಮಾರು 6 ಟನ್. ಅದು ನೆನೆದರೆ 7 ಟನ್ ದಾಟುತ್ತದೆ. ಪ್ರತಿ ತೊಲೆಯ ಪಾಲಿಗೆ ಒಣ ಮಣ್ಣೇ ಒಂದೂವರೆ ಟನ್, ಅದರ ಮೇಲೆ ಫರಸಿ, ಚೀಲ, ಜನ. 1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಗಡಿಯವರಿಗೆ ಮರೆಯುವ ದಿನವಲ್ಲ. ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಯಿತು. ಎಂಟು ಸಾವಿರದ ಆಸುಪಾಸಿನಿಂದ ಹತ್ತು ಸಾವಿರದ ತನಕ ಜನ ಸತ್ತರು. ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮೇಲಿನ ಮಣ್ಣಿನ ಭಾರ. ನಮ್ಮ ಮನೆಗಳೂ ಅದೇ ಬಗೆಯವು. ಅಂಥ ಮನೆಯಲ್ಲಿ ಕಂಬ ತೊಲೆಗಳ ಚೌಕಟ್ಟು ಗಟ್ಟಿಯಿರುವುದು ಅಂದಕ್ಕೆ ಬೇಕಾದ ವಿಷಯವಲ್ಲ, ಜೀವಕ್ಕೆ ಬೇಕಾದದ್ದು.

ಎರಡು ಖರ್ಚಿನ ಪಟ್ಟಿ

ಕೆಳಗಿನ ದರಗಳು ಲೆಕ್ಕಕ್ಕೆ ಇಟ್ಟವು. ಗೌಂಡಿಗೆ ದಿನಕ್ಕೆ 1,000 ರೂಪಾಯಿ, ಆಳಿಗೆ 600, ಸಾಗವಾನಿ ಘನ ಅಡಿಗೆ 3,500, ಸಿಮೆಂಟ್ ಚೀಲಕ್ಕೆ 400, ಕಬ್ಬಿಣ ಕಿಲೋಗೆ 80. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ 370 ರೂಪಾಯಿ ಇತ್ತು. ಗೌಂಡಿ ಕೆಲಸದ ಆಳು ಆ ದರಕ್ಕೆ ಸಿಗುವುದು ಕಷ್ಟ. ದರ ನಿಮ್ಮ ಊರಿನದು ಹಾಕಿಕೊಳ್ಳಿ. ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ.

ಮೊದಲ ಪಟ್ಟಿ, ಒಳಗಿನಿಂದ ರಿಪೇರಿ:
ಸಿಮೆಂಟ್ ಗಿಲಾವು, 378 ಚದರ ಅಡಿ, ಅಡಿಗೆ 60: 22,680
ವಾಟರ್‌ಪ್ರೂಫ್ ಬಣ್ಣ, ಅಡಿಗೆ 35: 13,230
ಮೂರು ಹೊಸ ಸಾಗವಾನಿ ತೊಲೆ, 23.3 ಘನ ಅಡಿ: 81,700
ಬಡಿಗೇರ ಕೆಲಸ, ಆಸರೆ: 15,000
ಒಟ್ಟು: 1,32,610 ರೂಪಾಯಿ.
ಗೋಡೆಯ ಬುಡಕ್ಕೆ ಬೀಳುವ ನೀರು: ಮೊದಲಿನ ಹಾಗೆ 1,51,300 ಲೀಟರ್.

ಎರಡನೆಯ ಪಟ್ಟಿ, ಹೊರಗಿನಿಂದ ಒಳಗೆ:
1. ಹರನಾಳಿಗೆಗೆ ನಾಲ್ಕಿಂಚಿನ ಪೈಪು ಜೋಡಿಸಿ ಗಟಾರಕ್ಕೆ ಬಿಡುವುದು. 20 ಅಡಿಯ ಮೂರು ಪೈಪು 3,600, ಬೆಂಡು ಕ್ಲಾಂಪು 900, ಕೂಲಿ 1,000: 5,500
2. ಬಚ್ಚಲ ನೀರಿಗೆ ಎರಡು ಪೈಪು 2,400, ಇಟ್ಟಿಗೆಯ ಸಣ್ಣ ಚೇಂಬರ್ 2,500, ಕೂಲಿ 1,600: 6,500
3. ಗೋಡೆಯ ಬುಡಕ್ಕೆ 30 ಅಡಿ ಉದ್ದ, 3 ಅಡಿ ಅಗಲ ಫರಸಿ, ಹೊರಗೆ ಒಂದಿಂಚು ಇಳಿಜಾರು. ಶಹಾಬಾದ್ ಫರಸಿ 4,050, ಸಿಮೆಂಟ್ ಮೂರು ಚೀಲ 1,200, ಉಸುಕು 600, ಮುರುಂ 1,200, ಗೌಂಡಿ ಎರಡು ದಿನ 2,000, ಆಳು ನಾಲ್ಕು 2,400: 11,450
4. ಎರಡು ಕಿಂಡಿ ತೆರೆದು ಜಾಳಿಗೆ: 2,500
5. ಕೆಳಗಿನ ಮೂರು ಅಡಿಗೆ ಸುಣ್ಣದ ಗಿಲಾವು, 162 ಚದರ ಅಡಿ. ಸುಣ್ಣ 85 ಕಿಲೋ 1,275, ಉಸುಕು 9 ಘನ ಅಡಿ 540, ಗೌಂಡಿ ಮೂರು ದಿನ 3,000, ಆಳು 1,800: 6,615
6. ಮೂರು ತುದಿ ಕೊಳೆತಿವೆ ಎಂದು ಹಿಡಿದು, ಪ್ರತಿ ತುದಿಗೆ ಎರಡು ಬದಿಯಲ್ಲಿ ಐದಡಿ ಕಬ್ಬಿಣದ ಚಾನೆಲ್. ಮೀಟರಿಗೆ 9.5 ಕಿಲೋ, ಒಟ್ಟು 85.5 ಕಿಲೋ 6,840, ಬೋಲ್ಟು ಬಣ್ಣ 1,800, ಕೂಲಿ 3,000, ಜಾಕ್ ಬಾಡಿಗೆ 2,500, ತುದಿಯ ಕೆಳಗೆ ಕಲ್ಲಿನ ಕಟ್ಟೆ 4,500, ಎಂಜಿನಿಯರ್ ಬಂದು ನೋಡಲು 3,000: 21,640
7. ಬಿಳಿಗಾರದ ಔಷಧ: 1,500
ಒಟ್ಟು: 55,705 ರೂಪಾಯಿ.

ಮೊದಲ ಪಟ್ಟಿಯ 42 ಪ್ರತಿಶತ. ಮೂರರ ಬದಲು ಆರೂ ತುದಿ ಕೊಳೆತಿದ್ದರೆ 16,140 ಸೇರಿ 71,845. ಆಗಲೂ 54 ಪ್ರತಿಶತ. ಇದಕ್ಕಿಂತ ಮುಖ್ಯವಾದದ್ದು ಒಳಗಿನ ಹಂಚಿಕೆ. ಮೊದಲ ನಾಲ್ಕು ಬಾಬ್ತು ಸೇರಿ 25,950 ರೂಪಾಯಿ. ನೀರು ತಿರುಗುವುದು ಅಷ್ಟರಲ್ಲೇ. ಕೈಯಲ್ಲಿ ಅಷ್ಟೂ ಇಲ್ಲದಿದ್ದರೆ ಮೊದಲ ಎರಡಕ್ಕೆ 12,000. ಗಿಲಾವು ಎರಡು ವರ್ಷ ತಡೆಯುತ್ತದೆ, ಬಣ್ಣ ಇಲ್ಲದೆಯೂ ನಡೆಯುತ್ತದೆ. ತೊಲೆ ತುಂಬ ಸೋತಿದ್ದರೆ ಮಾತ್ರ ಕೂಡಲೇ ಕೆಳಗೆ ಆಸರೆ ಕೊಡಿಸಿ. ಅದು ಯಾವುದಕ್ಕೂ ಕಾಯುವ ಕೆಲಸವಲ್ಲ.

ಬಿಳಿಗಾರದ ಬಗ್ಗೆ ಎರಡು ಮಾತು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. 10 ಲೀಟರ್ ಬಿಸಿನೀರಿಗೆ ಬಿಳಿಗಾರ 600 ಗ್ರಾಂ, ಬೋರಿಕ್ ಆಸಿಡ್ ಪುಡಿ 400 ಗ್ರಾಂ ಕರಗಿಸಿ, ಕೊಳೆತದ್ದನ್ನು ಕೆತ್ತಿ ತೆಗೆದ ಮೇಲೆ ಗಟ್ಟಿ ಮರಕ್ಕೆ ಎರಡು ಸಲ ಹಚ್ಚಬೇಕು. ಶಿಲೀಂಧ್ರಕ್ಕೂ ಹುಳಕ್ಕೂ ಇದು ತಡೆ. ಆದರೆ ಇದು ನೀರಿನಲ್ಲಿ ಕರಗುವ ವಸ್ತು. ಗೋಡೆ ಸುರಿಯುತ್ತಿದ್ದರೆ ಔಷಧವೂ ಸುರಿದು ಹೋಗುತ್ತದೆ. ಪಟ್ಟಿಯಲ್ಲಿ ಅದಕ್ಕೆ ಏಳನೆಯ ಜಾಗ ಕೊಟ್ಟಿರುವುದು ಅದಕ್ಕೇ. ಹಚ್ಚುವಾಗ ಕೈಗೆ ಗವಸು ಇರಲಿ, ಮಕ್ಕಳೂ ಕಾಳುಕಡಿಯೂ ದೂರ ಇರಲಿ.

ತಿಂಗಳಿಗೊಂದು ಕೆಲಸ

ಏಪ್ರಿಲ್, ಮೇ: ಪೈಪು, ಬಚ್ಚಲು, ಫರಸಿ. ಬುಡದ ಬಿರುಕಿಗೆ ಮುರುಂ ತುಂಬಿ ದಮ್ಮಸ್ಸು ಹೊಡೆಯಿರಿ. ಗೋಡೆಯ ಬುಡ ಅಗೆಯುವುದಿದ್ದರೆ ಒಮ್ಮೆಗೆ ಮೂರು ನಾಲ್ಕು ಅಡಿ ಮಾತ್ರ, ಪಾಯದ ತಳಕ್ಕಿಂತ ಕೆಳಗೆ ಎಂದೂ ಬೇಡ.
ಜೂನ್‌ನಿಂದ ಸೆಪ್ಟೆಂಬರ್: ನೋಡುವ ಕಾಲ. ತೇವದ ಗೆರೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ.
ನವೆಂಬರ್‌ನಿಂದ ಫೆಬ್ರವರಿ: ಕಿಂಡಿ ಹಗಲೂ ರಾತ್ರಿ ತೆರೆದಿರಲಿ. ತೊಲೆಯ ತುದಿಯ ಕೆಲಸ, ಬಿಳಿಗಾರ ಇದೇ ಕಾಲಕ್ಕೆ. ತುದಿಯ ಎರಡು ಬದಿ ಅರ್ಧ ಇಂಚು ಗಾಳಿಗೆ ಬಿಡಿ, ಕಲ್ಲಿಗೂ ಮರಕ್ಕೂ ನಡುವೆ ದಪ್ಪ ಪ್ಲಾಸ್ಟಿಕ್ ಇಡಿ.

ಒಂದು ಎಚ್ಚರಿಕೆ. ಬಹಳ ದಿನ ಮುಚ್ಚಿದ ನೆಲಮಾಳಿಗೆಗೆ, ಅದರಲ್ಲೂ ಒಳಗೆ ಹಗೇವು (ಕಾಳು ತುಂಬುವ ನೆಲಗುಂಡಿ) ಇದ್ದರೆ, ಬಾಗಿಲು ತೆಗೆದ ಕೂಡಲೇ ಇಳಿಯಬೇಡಿ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಒಂದು ದಿನ ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ. ದೀಪ ಮಂಕಾದರೆ ಇಳಿಯಬೇಡಿ. ಉರಿದರೂ ಒಬ್ಬರೇ ಇಳಿಯುವುದು ಬೇಡ, ಮೇಲೆ ಒಬ್ಬರು ನಿಂತಿರಲಿ.

ಮಿರಗದ ಮಳೆ ಬರುವುದು ಜೂನ್ ಮೊದಲ ವಾರದ ಕೊನೆಗೆ. ಅದರೊಳಗೆ ಒಂದು ಕೆಲಸ ಮಾತ್ರ ಮಾಡಲು ಸಾಧ್ಯ ಎನ್ನುವವರು ಪಟ್ಟಿಯ ಮೊದಲ ಸಾಲು ಮಾಡಿ: ಮೂರು ಪೈಪು, 5,500 ರೂಪಾಯಿ, 71,000 ಲೀಟರ್. ಹದಿಮೂರು ಲೀಟರ್ ನೀರು ತೊಲೆಯಿಂದ ದೂರ ಹೋಗಲು ಒಂದು ರೂಪಾಯಿ, ಅದೂ ಮೊದಲ ವರ್ಷಕ್ಕೆ ಮಾತ್ರ. ಮರುವರ್ಷದ ಮಳೆಗೆ ಪೈಪು ಅಲ್ಲೇ ಇರುತ್ತದೆ. ಹಿರಿಯರು ಹಾಕಿದ ಸಾಗವಾನಿಯ ಏಳರಲ್ಲಿ ಆರು ಪಾಲು ಇನ್ನೂ ಗಟ್ಟಿ ಇದೆ. ಅದು ಒಣಗಿ ಇರುವ ಹಾಗೆ ನೋಡಿಕೊಂಡರೆ ನಮ್ಮ ಮಕ್ಕಳು ಅದೇ ಪಡಸಾಲೆಯಲ್ಲಿ ಓಡಾಡುತ್ತಾರೆ.